ಗ್ಯಾಸ್ ರೇಟು ಏರಿದರೆ ಇಳಿಯುವುದು ಹಾಲು, ಬೇಳೆ

ಗ್ಯಾಸ್ ರೇಟು ಏರಿತೆಂದು ಯಾರ ಮನೆಯಲ್ಲೂ ಗ್ಯಾಸಿನ ಖರ್ಚು ಇಳಿಯುವುದಿಲ್ಲ. ಒಲೆ ಹಚ್ಚಲೇಬೇಕು, ಮಕ್ಕಳಿಗೆ ಬುತ್ತಿ ಕಟ್ಟಲೇಬೇಕು, ಕೆಲಸಕ್ಕೆ ಹೋಗುವವರು ಗಾಡಿಗೆ ಪೆಟ್ರೋಲ್ ಹಾಕಿಸಲೇಬೇಕು. ಹಾಗಾದರೆ ಹೆಚ್ಚಿನ ದುಡ್ಡು ಎಲ್ಲಿಂದ ಬರುತ್ತದೆ? ದಾವಣಗೆರೆಯಲ್ಲಿ ಇಷ್ಟು ವರ್ಷ ಸಂಸಾರ ನಡೆಸಿ, ನಮ್ಮ ಓಣಿಯ ಮನೆಗಳನ್ನೂ ನೋಡಿ ಹೇಳುತ್ತಿದ್ದೇನೆ: ಅದು ಹಾಲಿನಿಂದ, ಬೇಳೆಯಿಂದ, ಹಣ್ಣಿನಿಂದ ಬರುತ್ತದೆ. ಯಾರೂ ಕೂತು ತೀರ್ಮಾನ ಮಾಡಿರುವುದಿಲ್ಲ. ಸಾರು ತೆಳ್ಳಗಾಗುತ್ತದೆ, ಮೊಟ್ಟೆ ವಾರಕ್ಕೊಮ್ಮೆಗೆ ಬರುತ್ತದೆ, ಮನೆಯ ಹೆಂಗಸು ತನ್ನ ಪಾಲಿನ ಹಾಲನ್ನು ಎಲ್ಲರಿಗಿಂತ ಮೊದಲು ಬಿಡುತ್ತಾಳೆ.

2025ರ ಏಪ್ರಿಲ್ ತಿಂಗಳನ್ನೇ ನೋಡಿ. ನಂದಿನಿ ಹಾಲು ಲೀಟರಿಗೆ 4 ರೂಪಾಯಿ, ಡೀಸೆಲ್ ಲೀಟರಿಗೆ 2 ರೂಪಾಯಿ, ಕರೆಂಟು ಯೂನಿಟ್ಟಿಗೆ 36 ಪೈಸೆ, ಅಡುಗೆ ಗ್ಯಾಸ್ ಸಿಲಿಂಡರಿಗೆ 50 ರೂಪಾಯಿ, ಎಲ್ಲ ಒಂದೇ ತಿಂಗಳಲ್ಲಿ ಏರಿದವು. ಎಲ್ಲರೂ ಮಾತಾಡಿದ್ದು ಸಿಲಿಂಡರಿನ 50 ರೂಪಾಯಿ ಬಗ್ಗೆ. ಆದರೆ ದಿನಕ್ಕೆ ಒಂದು ಲೀಟರ್ ಹಾಲು ತರುವ ಮನೆಗೆ ಹಾಲೊಂದರಿಂದಲೇ ತಿಂಗಳಿಗೆ 120 ರೂಪಾಯಿ ಹೆಚ್ಚಾಯಿತು. ಡೀಸೆಲ್ಲಿನದು ಇನ್ನೂ ತಡವಾಗಿ ಗೊತ್ತಾಗುತ್ತದೆ. ಲಾರಿ ಬಾಡಿಗೆ ಏರಿ, ಅದು ಮಾರ್ಕೆಟ್ಟಿನ ತರಕಾರಿಗೂ ಕಿರಾಣಿ ಸಾಮಾನಿಗೂ ಇಳಿದು ಬರುವ ಹೊತ್ತಿಗೆ ಕಾರಣ ಮರೆತೇ ಹೋಗಿರುತ್ತದೆ. ಹೋಟೆಲಿನವರ 19 ಕೆಜಿ ಸಿಲಿಂಡರಿನ ದರವಂತೂ ತಿಂಗಳ ಮೊದಲ ದಿನವೇ ಬದಲಾಗುತ್ತದೆ. ಅದೂ ಕೊನೆಗೆ ನಮ್ಮ ತಟ್ಟೆಯ ಬೆಲೆಯಲ್ಲೇ ಸೇರುತ್ತದೆ.

ಅದಕ್ಕೇ ಲೆಕ್ಕದ ಪುಸ್ತಕದಲ್ಲಿ ಗ್ಯಾಸ್, ಕರೆಂಟು, ಪೆಟ್ರೋಲನ್ನು ಒಂದು ಕಡೆ ಬರೆಯಿರಿ. ಹಾಲು, ಬೇಳೆ, ಹಣ್ಣು, ಮೊಟ್ಟೆಯನ್ನು ಎದುರಿನ ಪುಟದಲ್ಲಿ ಬರೆಯಿರಿ. ಎಡಗಡೆ ಏರಿದ ತಿಂಗಳು ಬಲಗಡೆ ಇಳಿದಿದ್ದರೆ ಏನು ನಡೆಯುತ್ತಿದೆ ಎಂದು ತಿಳಿಯುತ್ತದೆ. ಇನ್ನೊಂದು ಮಾತು. 2023ರ ಆಗಸ್ಟ್ ಕೊನೆಗೆ ಸಿಲಿಂಡರಿಗೆ 200 ರೂಪಾಯಿ ಇಳಿಯಿತು, 2024ರ ಮಾರ್ಚ್‌ನಲ್ಲಿ ಮತ್ತೆ 100 ಇಳಿಯಿತು. ಬಿಟ್ಟಿದ್ದ ಅರ್ಧ ಲೀಟರ್ ಹಾಲನ್ನು ಆಗ ಮತ್ತೆ ಶುರು ಮಾಡಿದವರು ನಮ್ಮ ಓಣಿಯಲ್ಲಿ ಬಹಳ ಕಡಿಮೆ. ಕಡಿಮೆಗೆ ರೂಢಿಯಾದ ಮನೆ ತಾನಾಗಿ ಮೊದಲಿನಂತೆ ಆಗುವುದಿಲ್ಲ, ತಾಯಿ. ನೆನಪಿಟ್ಟುಕೊಂಡು ಆಗಿಸಬೇಕು.

ಕಡಿಮೆ ಮಾಡಲೇಬೇಕು ಎಂದಾಗ ಬೇರೆ ಕಡೆ ಕೈ ಹಾಕಿ. ಹಬ್ಬವಿಲ್ಲದ ತಿಂಗಳ ಬಟ್ಟೆ, ಬೇಕರಿ ತಿಂಡಿ, ಪ್ಯಾಕೆಟ್ ಕುರುಕಲು, ಮೊಬೈಲಿಗೆ ಎರಡೆರಡು ರೀಚಾರ್ಜು. ಭಾನುವಾರದ ಬೆಣ್ಣೆ ದೋಸೆಯನ್ನು ಪೂರ್ತಿ ಬಿಡಿ ಎನ್ನುವುದಿಲ್ಲ. ಪ್ರತಿ ವಾರದ್ದನ್ನು ತಿಂಗಳಿಗೊಮ್ಮೆ ಮಾಡಿಕೊಳ್ಳಿ. ಸಂಜೆಗೆ ಮಂಡಕ್ಕಿ ಒಗ್ಗರಣೆ ಹಾಕಿ ಮಿರ್ಚಿ ಮನೆಯಲ್ಲೇ ಕರಿದರೆ ಮಕ್ಕಳು ಬೇಡ ಎನ್ನುವುದಿಲ್ಲ.

ಗ್ಯಾಸನ್ನೇ ಉಳಿಸುವ ಮಾತಿಗೆ ಬಂದರೆ, ನಮ್ಮ ಕಡೆ ರೊಟ್ಟಿಯಲ್ಲೇ ದೊಡ್ಡ ಉಳಿತಾಯವಿದೆ. ದಿನಾ ನಾಲ್ಕು ರೊಟ್ಟಿಗೆಂದು ಹಂಚು ಕಾಯಿಸಿದರೆ, ಹಂಚು ಕಾಯುವುದಕ್ಕೆ ಹೋಗುವ ಉರಿ ದಿನಾ ದಂಡ. ವಾರಕ್ಕೊಂದು ದಿನ ಕೂತು ಖಡಕ್ ರೊಟ್ಟಿ ಮಾಡಿಬಿಡಿ. ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ ಚೆನ್ನಾಗಿ ನಾದಿ, ತೆಳ್ಳಗೆ ಬಡಿಯಿರಿ. ಹಂಚಿನ ಮೇಲೆ ಎರಡೂ ಬದಿ ಬೆಂದ ಮೇಲೆ ಬಟ್ಟೆಯಿಂದ ಅಂಚನ್ನು ಒತ್ತಿ ಒತ್ತಿ ಒಣಗಿಸಬೇಕು. ಅಂಚಿನಲ್ಲಿ ಪಸೆ ಉಳಿದರೆ ಮೂರನೇ ದಿನಕ್ಕೆ ಬೂಸ್ಟು ಹಿಡಿಯುತ್ತದೆ. ಪೂರ್ತಿ ಆರಿದ ಮೇಲೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿದರೆ ವಾರ ದಾಟಿಯೂ ಕಟಕಟ ಎನ್ನುತ್ತದೆ. ಕೊನೆಯ ರೊಟ್ಟಿ ಇಳಿಸಿದ ಮೇಲೆ ಒಲೆ ಆರಿಸಿ, ಆ ಹಂಚಿನ ಕಾವಿನಲ್ಲೇ ಶೇಂಗಾ ಹಾಕಿ ಕೈಯಾಡಿಸುತ್ತಿದ್ದರೆ ಚಟ್ನಿಪುಡಿಗೆ ಬೆಚ್ಚಗಾಗುತ್ತದೆ.

ಬೇಳೆ, ಕಾಳು ನೆನೆಸದೆ ಒಲೆಗೆ ಇಡಬೇಡಿ. ಕುಕ್ಕರ್ ಒಂದು ಸೀಟಿ ಕೂಗಿದ ಮೇಲೆ ಸಣ್ಣ ಉರಿ ಸಾಕು. ಉರಿ ನೀಲಿ ಬಿಟ್ಟು ಹಳದಿಯಾಗಿ ಪಾತ್ರೆ ತಳ ಕಪ್ಪಾಗುತ್ತಿದ್ದರೆ ಬರ್ನರ್ ತೂತು ಕಟ್ಟಿದೆ ಎಂದು ಅರ್ಥ. ಅವತ್ತೇ ತಿಕ್ಕಿ ತೊಳೆಯಿರಿ.

ಕರೆಂಟಿನಲ್ಲಿ ಮನೆಯನ್ನು ಹಿಂಡುವುದು ಗೀಸರ್. 2000 ವ್ಯಾಟಿನ ಗೀಸರ್ ಅರ್ಧ ಗಂಟೆ ಓಡಿದರೆ ಒಂದು ಯೂನಿಟ್. ದಿನಕ್ಕೊಂದು ಗಂಟೆ ಎಂದರೆ ತಿಂಗಳಿಗೆ 60 ಯೂನಿಟ್. ಗೃಹಜ್ಯೋತಿ ಇದ್ದವರು ಇದನ್ನು ಗಮನಿಸಲೇಬೇಕು, ಏಕೆಂದರೆ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ. ರೀಡಿಂಗ್ ಆದ ದಿನದಿಂದ ಹದಿನೈದು ದಿನಕ್ಕೆ ನೀವೇ ಮೀಟರ್ ನೋಡಿ; ಆಗಲೇ ನೂರು ದಾಟಿದ್ದರೆ ಇನ್ನೂ ಸರಿಮಾಡಲು ಸಮಯವಿರುತ್ತದೆ. ಹಿತ್ತಿಲು ಇದ್ದವರು ಸ್ನಾನದ ನೀರಿಗೆ ಹಂಡೆ ಹೂಡಿ. ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಆದರೆ ಹೊಗೆ ಒಳಗೆ ಬರುವ ಅಡುಗೆಮನೆಯಲ್ಲಿ ಮಾತ್ರ ಅದನ್ನು ಹಚ್ಚಬೇಡಿ. ಉಳಿದ ದುಡ್ಡು ಕೆಮ್ಮಿನ ಔಷಧಿಗೆ ಸಾಲುವುದಿಲ್ಲ.

ಹೊಸ ಟಿವಿ, ಸೋಫಾ ಮುಂದಿನ ವರ್ಷಕ್ಕೆ ಇರಲಿ. ಕುಕ್ಕರಿನ ಗ್ಯಾಸ್ಕೆಟ್ ಮತ್ತು ಗ್ಯಾಸಿನ ಪೈಪನ್ನು ಮಾತ್ರ ಮುಂದೂಡಬೇಡಿ. ಸಡಿಲ ಗ್ಯಾಸ್ಕೆಟ್ಟಿನ ಕುಕ್ಕರಿನಲ್ಲಿ ಬೇಳೆ ಬೇಯಲು ಹೊತ್ತು ಹಿಡಿಯುತ್ತದೆ. ಪೈಪು ಬಿರುಕು ಬಿಟ್ಟಿದ್ದರೆ ಅವತ್ತೇ ಏಜೆನ್ಸಿಗೆ ಹೇಳಿ ಬದಲಿಸಿ.