ವಾರ್‌ಗೇಮ್ ದಿನ: ಪ್ರತಿ ಆಟವೂ ಮುಗಿಯುವಂತೆ ಏರ್ಪಾಡು ಮಾಡುವುದು ಹೇಗೆ

ಮಿನಿಯೇಚರ್ ಎಂಬ ಪುಟ್ಟ ಬೊಂಬೆ ಸೈನಿಕರನ್ನು ಮೇಜಿನ ಮೇಲೆ ಸಾಗಿಸಿ, ದಾಳ ಎಸೆದು ಆಡುವ ಯುದ್ಧದಾಟವೇ ವಾರ್‌ಗೇಮ್. ಕ್ಲಬ್ಬಿನ ಟೇಬಲ್‌ಟಾಪ್ ವಾರ್‌ಗೇಮ್ ದಿನ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಆಟಗಳು ಅರ್ಧಕ್ಕೇ ನಿಂತುಬಿಡುತ್ತವೆ. ಐದು ಟರ್ನಿನ (ಟರ್ನ್ ಎಂದರೆ ಇಬ್ಬರಿಗೂ ಒಂದೊಂದು ಸರದಿ) ಆಟ ಎರಡನೇ ಟರ್ನಿಗೇ ನಿಂತರೆ, ತಿಂಗಳುಗಟ್ಟಲೆ ಕೂತು ಬಣ್ಣ ಹಚ್ಚಿದ ಸೈನ್ಯ ಎದುರಾಳಿಯ ಸಮೀಪಕ್ಕೂ ಹೋಗದೆ ಪೆಟ್ಟಿಗೆ ಸೇರುತ್ತದೆ. ಅದಕ್ಕೇ ಮೊದಲು ಗಡಿಯಾರ ನೋಡಿ, ಆಮೇಲೆ ಸೈನ್ಯದ ಗಾತ್ರ ಹೇಳಿ.

ಹಾಲ್ ಎಂಟು ಗಂಟೆ ಸಿಕ್ಕಿದೆ ಎನ್ನಿ. ಟೇಬಲ್ ಹಾಕಲು ಒಂದು ಗಂಟೆ, ಕೊನೆಗೆ ಕಟ್ಟಿಡಲು ಮುಕ್ಕಾಲು ಗಂಟೆ, ನಡುವೆ ಊಟಕ್ಕೆ ಇನ್ನೊಂದು ಮುಕ್ಕಾಲು ಗಂಟೆ ಕಳೆಯಿರಿ. ಉಳಿಯುವುದು ಐದೂವರೆ ಗಂಟೆ. ವಾರ್‌ಹ್ಯಾಮರ್ 40,000ದಂಥ ಆಟದಲ್ಲಿ 2000 ಪಾಯಿಂಟಿನ (ಪಾಯಿಂಟ್ ಎಂದರೆ ಸೈನ್ಯದ ಬಲದ ಅಳತೆ) ಸೈನ್ಯಗಳಿಗೆ, ಕೈಪಳಗಿದವರಿದ್ದರೂ, ಮೂರು ಗಂಟೆ ಬೇಕು; ಹೊಸಬರಿದ್ದರೆ ನಾಲ್ಕು. ಅಂದರೆ ಇಷ್ಟು ಹೊತ್ತಿನಲ್ಲಿ ಅಂಥ ಎರಡು ಆಟ ಹಿಡಿಸುವುದಿಲ್ಲ. 1000 ಪಾಯಿಂಟಿನ ಎರಡು ಆಟ ಆರಾಮಾಗಿ ಮುಗಿಯುತ್ತವೆ. ನಮ್ಮ ಶಿಫಾರಸು ಯಾವಾಗಲೂ ಚಿಕ್ಕ ಸೈನ್ಯಕ್ಕೇ.

ಆಟದ ಮ್ಯಾಟಿಗೆ, ಅಂದರೆ ಟೇಬಲ್ ಮೇಲೆ ಹಾಸುವ ಯುದ್ಧಭೂಮಿಗೆ, ಆರು ಅಡಿಗೆ ನಾಲ್ಕು ಅಡಿ ಹಳೆಯ, ನಂಬಬಹುದಾದ ಅಳತೆ. ಆರಡಿ ಉದ್ದ, ಎರಡೂವರೆ ಅಡಿ ಅಗಲದ ಎರಡು ಮಡಚುವ ಟೇಬಲ್‌ಗಳನ್ನು ಜೋಡಿಸಿದರೆ ಅಗಲ ಐದು ಅಡಿ ಆಗುತ್ತದೆ. ಮ್ಯಾಟಿನ ಎರಡೂ ಬದಿ ಆರಾರು ಇಂಚು ಜಾಗ ಉಳಿಯುತ್ತದೆ. ಸತ್ತ ಮಿನಿಯೇಚರ್, ದಾಳ, ಸೈನ್ಯದ ಪಟ್ಟಿ ಎಲ್ಲಕ್ಕೂ ಈ ಪಟ್ಟಿಜಾಗವೇ ಗತಿ. ಇದಿಲ್ಲದಿದ್ದರೆ ಪುಸ್ತಕ, ನೀರಿನ ಬಾಟಲಿ ಯುದ್ಧಭೂಮಿಗೇ ಬರುತ್ತವೆ. ಜೋಡಿಸಿದ ಟೇಬಲ್‌ಗಳ ಎತ್ತರದಲ್ಲಿ ಕೂದಲೆಳೆಯ ವ್ಯತ್ಯಾಸವಿದ್ದರೂ ಸಂದಿನ ಮೇಲೆ ನಿಂತ ಮಿನಿಯೇಚರ್ ಉರುಳುತ್ತದೆ. ತಗ್ಗಿನ ಕಡೆಯ ಕಾಲಿಗೆ ಮಡಚಿದ ರಟ್ಟು ಕೊಟ್ಟು, ಅಕ್ಕಪಕ್ಕದ ಕಾಲುಗಳನ್ನು ಹಗ್ಗದಿಂದ ಬಿಗಿಯಿರಿ. ಸಾಲುಗಳ ನಡುವೆ ನಾಲ್ಕು ಅಡಿ ಬಿಡಿ. ಬೆನ್ನಿಗೆ ಬೆನ್ನು ಕೊಟ್ಟು ಇಬ್ಬರು ಬಾಗಬೇಕಲ್ಲ.

ಟೆರೈನ್, ಅಂದರೆ ಟೇಬಲ್ ಮೇಲಿಡುವ ಕಟ್ಟಡ, ಕಾಡು, ಗುಡ್ಡಗಳ ಮಾದರಿಗಳ ವಿಷಯದಲ್ಲಿ ಮಾತ್ರ ಜಿಪುಣತನ ಬೇಡವೇ ಬೇಡ. ಟೇಬಲ್ ಬೋಳಾಗಿದ್ದರೆ ಮೊದಲು ಆಡುವವನ ಗುಂಡಿಗೇ ಎದುರಾಳಿಯ ಅರ್ಧ ಸೈನ್ಯ ಹೋಗುತ್ತದೆ. ಅಲ್ಲಿಗೆ ಆಟ ಮುಗಿದಂತೆಯೇ. ತಂದ ಕಟ್ಟಡ, ಕಾಡು, ಗುಡ್ಡ ಎಲ್ಲವನ್ನೂ ಟೇಬಲ್ಲಿನ ಕಾಲುಭಾಗಕ್ಕೆ ಒತ್ತೊತ್ತಾಗಿ ಪೇರಿಸಿ ನೋಡಿ. ಆ ಕಾಲುಭಾಗ ತುಂಬಿದರೆ ಸಾಕು, ಈಗ ಹರಡಿ. ನಡುಮಧ್ಯದಲ್ಲಿ ನೋಟವನ್ನು ಪೂರ್ತಿ ತಡೆಯುವ ಎರಡು ಕಟ್ಟಡ ಇರಲೇಬೇಕು. 28 ಮಿಲಿಮೀಟರ್ ಮಿನಿಯೇಚರ್‌ಗಳಿಗೆ ಐದು ಇಂಚು ಎತ್ತರದ ಗೋಡೆ, ಕೆಳಅಂತಸ್ತಿನ ಕಿಟಕಿ ಮುಚ್ಚಿದ್ದರೆ ಉತ್ತಮ. ಎರಡು ಟೆರೈನ್‌ಗಳ ನಡುವೆ ದೊಡ್ಡ ವಾಹನ ನುಗ್ಗುವಷ್ಟು ಸಂದು, ಸುಮಾರು ಆರು ಇಂಚು, ಬಿಡಿ. ಗುಡ್ಡಗಳು ಇಳಿಜಾರಾಗಿರುವುದಕ್ಕಿಂತ ಮೆಟ್ಟಿಲುಮೆಟ್ಟಿಲಾಗಿರಲಿ. ಇಳಿಜಾರಿನಲ್ಲಿ ಲೋಹದ ಮಿನಿಯೇಚರ್ ನಿಲ್ಲದೆ ಜಾರುತ್ತದೆ. ಥರ್ಮಾಕೋಲಿನಲ್ಲಿ ಗುಡ್ಡ ಮಾಡುವವರು ಸೂಪರ್ ಗ್ಲೂ, ಸ್ಪ್ರೇ ಪೇಂಟ್ ಎರಡನ್ನೂ ದೂರವಿಡಿ, ಅವು ತಾಗಿದರೆ ಥರ್ಮಾಕೋಲ್ ಕರಗುತ್ತದೆ. ಬಿಳಿ ಪಿವಿಎ ಗೋಂದು ಬಳಿದು ಒಣಗಿಸಿ, ಮೇಲೆ ಅಕ್ರಿಲಿಕ್ ಬಣ್ಣವನ್ನು ಬ್ರಷ್‌ನಿಂದ ಹಚ್ಚಿ.

ಆಟ ಶುರುವಾಗುವ ಮುಂಚೆ ಇಬ್ಬರೂ ಟೇಬಲ್ ಸುತ್ತ ಒಮ್ಮೆ ನಡೆದು ಬರಲಿ: ಈ ಕಾಡಿನ ಅಂಚು ಎಲ್ಲಿಯವರೆಗೆ, ಆ ಗೋಡೆ ಏರಬಹುದೇ, ಓರೆಯಾಗಿ ನಿಂತ ದಾಳವನ್ನು ಮತ್ತೆ ಹಾಕಬೇಕೇ. ಇಲ್ಲಿ ಕಳೆದ ಎರಡು ನಿಮಿಷ ಮೂರನೇ ಟರ್ನಿನ ಇಪ್ಪತ್ತು ನಿಮಿಷದ ಜಗಳ ಉಳಿಸುತ್ತದೆ.

ಆಟ ನಿಧಾನವಾಗುವುದು ಯೋಚನೆಯಿಂದಷ್ಟೇ ಅಲ್ಲ, ಕೈಕೆಲಸದಿಂದಲೂ. ಮೂವತ್ತು ದಾಳ ಎಸೆದಾಗ ತಪ್ಪಿದವನ್ನು ಮಾತ್ರ ಎತ್ತಿ, ಗೆದ್ದವನ್ನು ಟ್ರೇಯಲ್ಲೇ ಬಿಡಿ. ಎದುರಾಳಿ ಕಣ್ಣಾರೆ ಎಣಿಸುತ್ತಾನೆ, ಅವೇ ದಾಳ ಮುಂದಿನ ಎಸೆತಕ್ಕೂ ಸಿದ್ಧ. ಇಪ್ಪತ್ತು ಜನರ ತುಕಡಿ ಸಾಗಿಸುವಾಗ ಮುಂದಿನ ಸಾಲನ್ನು ಟೇಪಿನಿಂದ ಅಳೆದು ಸರಿಸಿ, ಹಿಂದಿನವರನ್ನು ಅವರ ಬೆನ್ನಿಗೆ ತಂದು ನಿಲ್ಲಿಸಿ, ಯಾರೂ ತಮ್ಮ ಮಿತಿಗಿಂತ ಹೆಚ್ಚು ದೂರ ಹೋಗಿಲ್ಲವೆಂದು ನೋಡಿಕೊಂಡರಾಯಿತು.

ತೀರ್ಪುಗಾರನೊಬ್ಬ ಆಡದೆ ಖಾಲಿ ಇರಬೇಕು. 1824ರಲ್ಲಿ ಪ್ರಷ್ಯಾದ ಸೇನೆ ಅಧಿಕಾರಿಗಳ ತರಬೇತಿಗೆ ತಂದ ಕ್ರೀಗ್‌ಸ್ಪೀಲ್ ಆಟವೇ ತೀರ್ಪುಗಾರನಿಲ್ಲದೆ ನಡೆಯುತ್ತಿರಲಿಲ್ಲ. ನಿಯಮ ಮೂರು ನಿಮಿಷದಲ್ಲಿ ಸಿಗದಿದ್ದರೆ ದಾಳ ಹಾಕಿಸಿ: 1ರಿಂದ 3 ಒಬ್ಬರ ಪರ, 4ರಿಂದ 6 ಇನ್ನೊಬ್ಬರ ಪರ. ಪುಸ್ತಕ ಆಮೇಲೆ ತಿರುವಿ ಹಾಕಬಹುದು. ಬೆಸ ಸಂಖ್ಯೆಯಲ್ಲಿ ಜನ ಬಂದರೆ ಇವನೇ ಕ್ಲಬ್ಬಿನ ಸೈನ್ಯ ಹಿಡಿದು ಕೂರುತ್ತಾನೆ; ಆಗ ತೀರ್ಪಿಗೆ ಇನ್ನೊಬ್ಬರನ್ನು ಮೊದಲೇ ಗೊತ್ತುಮಾಡಿರಿ.

ಅರ್ಧ ಸಮಯ ಕಳೆದಾಗ ಕೂಗಿ ಹೇಳಿ. ಕೊನೆಯ ಅರ್ಧ ಗಂಟೆಯಲ್ಲಿ, ಇಬ್ಬರಿಗೂ ಒಂದೊಂದು ಪೂರ್ತಿ ಸರದಿ ಸಿಗುತ್ತದೆ ಎಂದಿದ್ದರೆ ಮಾತ್ರ ಹೊಸ ಟರ್ನ್ ಶುರುಮಾಡಿಸಿ. ಇಲ್ಲದಿದ್ದರೆ ಮೊದಲು ಆಡಿದವನಿಗೆ ಒಂದು ಸರದಿ ಹೆಚ್ಚಾಗಿ, ಇನ್ನೊಬ್ಬನಿಗೆ ಅನ್ಯಾಯವಾಗುತ್ತದೆ.

ಕಟ್ಟಿಡುವಾಗ ಮೊದಲು ಮಿನಿಯೇಚರ್, ನಂತರ ಟೆರೈನ್, ಕೊನೆಗೆ ಮ್ಯಾಟು. ಈ ಕ್ರಮ ತಪ್ಪಿದರೆ ಮುರಿಯುವುದು ಈಟಿ, ಬಾವುಟದ ಕೋಲುಗಳೇ. ಮ್ಯಾಟು ಸುತ್ತುವ ಮುಂಚೆ ಅದರ ಕೆಳಗೂ ಟೇಬಲ್ ಕೆಳಗೂ ಟಾರ್ಚ್ ಹಾಕಿ ನೋಡಿ. ಮುರಿದ ತೋಳು, ದಾಳ ಅಲ್ಲೇ ಸಿಗುತ್ತವೆ.