ಮೀಟರ್‌ನಲ್ಲಿ 80, ರಸ್ತೆಯಲ್ಲಿ ಎಷ್ಟು? ಕಾರಿನ ಸ್ಪೀಡೋಮೀಟರ್ ಪರೀಕ್ಷಿಸುವುದು ಹೀಗೆ

ಕಾರಿನ ಮುಳ್ಳು 80ರ ಮೇಲಿದೆ. ಪಕ್ಕದ ಸೀಟಿನವರ ಫೋನ್‌ನಲ್ಲಿ ಮ್ಯಾಪ್ 76 ಅನ್ನುತ್ತಿದೆ. ಯಾರದು ಸರಿ? ಬಹಳ ಜನ ಫೋನ್ ತಪ್ಪು ತೋರಿಸುತ್ತಿದೆ ಅಂದುಕೊಂಡು ಸುಮ್ಮನಾಗುತ್ತಾರೆ. ಬಯಲು ರಸ್ತೆಯಲ್ಲಿ, ಒಂದೇ ವೇಗದಲ್ಲಿ ಹೋಗುತ್ತಿದ್ದರೆ ಸಾಮಾನ್ಯವಾಗಿ ಫೋನ್ ಹೇಳುವುದೇ ನಿಜಕ್ಕೆ ಹತ್ತಿರ. ಹಾಗಂತ ಮೀಟರ್ ಕೆಟ್ಟಿದೆ ಎಂದಲ್ಲ. ಸ್ವಲ್ಪ ಜಾಸ್ತಿ ತೋರಿಸುವಂತೆಯೇ ಅದನ್ನು ಮಾಡಿ ಕೊಟ್ಟಿರುತ್ತಾರೆ.

ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ 39ನೆಯದು ಸ್ಪೀಡೋಮೀಟರ್‌ಗೇ ಮೀಸಲು. ಮೀಟರ್ ತೋರಿಸುವ ವೇಗ ನಿಜವಾದ ವೇಗಕ್ಕಿಂತ ಯಾವತ್ತೂ ಕಡಿಮೆ ಇರಬಾರದು ಎಂದು ಅದು ಹೇಳುತ್ತದೆ. ಜಾಸ್ತಿ ಇರಬಹುದು, ಆದರೆ ಅದಕ್ಕೂ ಮಿತಿ ಇದೆ: ನಿಜವಾದ ವೇಗದ ಹತ್ತನೇ ಒಂದು ಭಾಗ ಮತ್ತು ಅದರ ಮೇಲೆ 4 ಕಿ.ಮೀ. ಕಾರು 80ರಲ್ಲಿ ಓಡುವಾಗ ಮೀಟರ್ 80ರಿಂದ 92ರವರೆಗೆ ಎಷ್ಟು ತೋರಿಸಿದರೂ ಪಾಸು. 100ರಲ್ಲಿ ಓಡುವಾಗ 114 ತೋರಿಸಿದರೂ ಪಾಸು. ಆದರೆ 99 ತೋರಿಸಿದರೆ ಫೇಲು! ನಮ್ಮಲ್ಲಿ ಸ್ಪೀಡೋಮೀಟರ್ ವಿಷಯ ಕೇಂದ್ರ ಮೋಟಾರು ವಾಹನ ನಿಯಮಗಳ 117ನೇ ನಿಯಮದಲ್ಲಿ ಬರುತ್ತದೆ. ಇಲ್ಲಿ ಮಾರುವ ಕಾರುಗಳ ಮೀಟರ್ ಕೂಡ ಸಾಮಾನ್ಯವಾಗಿ ಜಾಸ್ತಿಯ ಕಡೆಗೇ ವಾಲಿರುತ್ತದೆ.

ಹಾಗಾಗಿ ನಾವು ಹುಡುಕಬೇಕಾದದ್ದು ಎರಡು ಸಂಗತಿ. ನಮ್ಮ ಕಾರಿನ ಮೀಟರ್ ಯಾವ ಕಡೆಗೆ ವಾಲಿದೆ, ಎಷ್ಟು ವಾಲಿದೆ. ಇದಕ್ಕೆ ಗ್ಯಾರೇಜ್ ಬೇಕಿಲ್ಲ. ಒಂದು ಫೋನ್, ಜೊತೆಗೊಬ್ಬರು, ಖಾಲಿ ರಸ್ತೆ ಇದ್ದರೆ ಸಾಕು.

ಮೊದಲು ಟೈರ್ ನೋಡಿ

ಕಾರಿಗೆ ತನ್ನ ವೇಗ ನೇರವಾಗಿ ಗೊತ್ತಾಗುವುದಿಲ್ಲ. ಅದು ಎಣಿಸುವುದು ಸುತ್ತುಗಳನ್ನು ಮಾತ್ರ. ಅಂಬಾಸಡರ್, ಪದ್ಮಿನಿ ಕಾಲದಲ್ಲಿ ಗೇರ್‌ಬಾಕ್ಸ್‌ನಿಂದ ಬಂದ ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತಿತ್ತು. ಅಯಸ್ಕಾಂತ ಅಲ್ಯುಮಿನಿಯಂ ಬಟ್ಟಲನ್ನು ಎಳೆಯುತ್ತಿತ್ತು, ಬಟ್ಟಲು ಮುಳ್ಳನ್ನು ತಳ್ಳುತ್ತಿತ್ತು. ಈಗ ಹೆಚ್ಚಿನ ಕಾರುಗಳಲ್ಲಿ ಆ ಕೆಲಸ ಚಕ್ರದ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಸೆನ್ಸರ್‌ನದು. ಅಂದೂ ಇಂದೂ ಮಾಡುವುದು ಒಂದೇ ಲೆಕ್ಕ: ಚಕ್ರ ಒಂದು ಸುತ್ತು ಹಾಕಿದರೆ ಕಾರು ಇಷ್ಟು ದೂರ ಹೋಗಿರಬೇಕು. ಟೈರ್ ಅಳತೆ ಬದಲಾದರೆ ಲೆಕ್ಕ ತಪ್ಪುತ್ತದೆ, ಆದರೆ ಕಾರಿಗೆ ಅದು ಗೊತ್ತೇ ಆಗುವುದಿಲ್ಲ.

ಟೈರ್ ಪಕ್ಕದಲ್ಲಿ 185/65 ಆರ್ 15 ಎಂಬಂತಹ ಬರಹ ಇರುತ್ತದೆ. 185 ಅಂದರೆ ಟೈರ್‌ನ ಅಗಲ, ಮಿಲಿಮೀಟರ್‌ನಲ್ಲಿ. ಗೋಡೆಯ ಎತ್ತರ ಅದರ ಶೇ 65, ಅಂದರೆ ಸುಮಾರು 120 ಮಿ.ಮೀ. ರಿಮ್ 15 ಇಂಚು, ಅಂದರೆ 381 ಮಿ.ಮೀ. ಮೇಲೊಂದು ಗೋಡೆ, ಕೆಳಗೊಂದು ಗೋಡೆ ಸೇರಿಸಿದರೆ ಟೈರ್‌ನ ಒಟ್ಟು ವ್ಯಾಸ 621.5 ಮಿ.ಮೀ. ಈಗ ಸ್ವಿಫ್ಟ್ ಕಾರು ನೋಡಿ. ಕೆಳಗಿನ ವೇರಿಯಂಟ್‌ಗೆ 165/80 ಆರ್ 14, ಮೇಲಿನದಕ್ಕೆ 185/65 ಆರ್ 15 ಹಾಕಿದ್ದಾರೆ. ನೋಡಲು ಬೇರೆ ಬೇರೆ. ಲೆಕ್ಕ ಹಾಕಿದರೆ ಮೊದಲನೆಯದರ ವ್ಯಾಸ 619.6 ಮಿ.ಮೀ., ಎರಡೂ ಟೈರ್‌ಗಳ ನಡುವೆ 2 ಮಿ.ಮೀ. ವ್ಯತ್ಯಾಸವೂ ಇಲ್ಲ. ಸುಮ್ನೆ ಹಾಕಿದ್ದಲ್ಲ, ನೋಡಿ!

ತೊಂದರೆ ಬರುವುದು ನಾವೇ ದಪ್ಪ ಟೈರ್ ಹಾಕಿಸಿದಾಗ. 185/65 ಇದ್ದ 15 ಇಂಚಿನ ರಿಮ್‌ಗೆ 195/65 ಹಾಕಿದರೆ ವ್ಯಾಸ ಶೇ 2ರಷ್ಟು ಹೆಚ್ಚುತ್ತದೆ. 205/65 ಹಾಕಿದರೆ ಶೇ 4 ದಾಟುತ್ತದೆ. ಮೊದಲು ಮೀಟರ್ 100 ಅಂದಾಗ ಕಾರು ನಿಜವಾಗಿ 97ರಲ್ಲಿ ಓಡುತ್ತಿತ್ತು ಅಂದುಕೊಳ್ಳಿ. ಈ ದೊಡ್ಡ ಟೈರ್ ಹಾಕಿದ ಮೇಲೆ ಅದೇ 100ಕ್ಕೆ ಕಾರು 101ರಲ್ಲಿ ಹೋಗುತ್ತದೆ. ಕಂಪನಿ ಇಟ್ಟಿದ್ದ ಅಂತರವೆಲ್ಲ ಮಾಯ. ಟೈರ್ ಸವೆದಾಗ ಆಗುವುದು ಇದಕ್ಕೆ ಉಲ್ಟಾ. 8 ಮಿ.ಮೀ. ಇದ್ದ ಹಲ್ಲು 1.6ಕ್ಕೆ ಇಳಿಯುವಷ್ಟರಲ್ಲಿ ಮೀಟರ್ ಮೊದಲಿಗಿಂತ ಶೇ 2ರಷ್ಟು ಜಾಸ್ತಿ ತೋರಿಸತೊಡಗುತ್ತದೆ.

ಆದ್ದರಿಂದ ಪರೀಕ್ಷೆಗೆ ಮುಂಚೆ ಟೈರ್ ಅಳತೆ ಬರೆದುಕೊಳ್ಳಿ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಕಂಪನಿಯ ಸ್ಟಿಕರ್ ಇರುತ್ತದೆ, ಅದಕ್ಕೆ ಹೋಲಿಸಿ. ಗಾಳಿ ಅದರಲ್ಲಿ ಹೇಳಿದಷ್ಟೇ ಇರಲಿ.

ರಸ್ತೆ ಮತ್ತು ಜೊತೆಗಾರರು

ನೇರವಾಗಿರಬೇಕು, ಸಮತಟ್ಟಾಗಿರಬೇಕು, ಮೇಲೆ ಆಕಾಶ ಕಾಣಬೇಕು. ಸಿರಾ ದಾಟಿ ಹಿರಿಯೂರು, ಚಿತ್ರದುರ್ಗದ ಕಡೆಗಿನ ಹೆದ್ದಾರಿಯಂಥ ಬಯಲು ದಾರಿ ಇದಕ್ಕೆ ಚೆನ್ನ. ಶಿರಾಡಿ, ಚಾರ್ಮಾಡಿ ಘಾಟಿಯಲ್ಲಿ ಮಾತ್ರ ಪ್ರಯತ್ನಿಸಬೇಡಿ. ಮರಗಳ ದಟ್ಟಣೆ, ತಿರುವು, ಗುಡ್ಡ ಎಲ್ಲ ಸೇರಿ ಫೋನ್ ತಬ್ಬಿಬ್ಬಾಗುತ್ತದೆ. ಬೆಳಿಗ್ಗೆ ಬೇಗ ಹೋದರೆ ಲಾರಿ ಕಾಟವೂ ಕಡಿಮೆ.

ಡ್ರೈವ್ ಮಾಡುವವರು ಫೋನ್ ಮುಟ್ಟಬಾರದು. ಫೋನ್ ನೋಡುವುದು, ಬರೆಯುವುದು ಪಕ್ಕದವರ ಕೆಲಸ. ಮೀಟರ್ ಓದುವುದು ಮಾತ್ರ ಡ್ರೈವರ್ ಕೆಲಸ. ಪಕ್ಕದ ಸೀಟಿನಿಂದ ಓರೆಯಾಗಿ ನೋಡಿದರೆ ಮುಳ್ಳು ಎರಡು ಮೂರು ಗೆರೆ ಆಚೀಚೆ ಇದ್ದಂತೆ ಕಾಣುತ್ತದೆ. ಡಿಜಿಟಲ್ ಅಂಕಿ ಇದ್ದರೆ ಅದನ್ನೇ ನಂಬಿ.

ಫೋನ್ ಪರೀಕ್ಷೆ

ಗೂಗಲ್ ಮ್ಯಾಪ್ಸ್‌ನಲ್ಲಿ ಎಲ್ಲಿಗಾದರೂ ದಾರಿ ಹಾಕಿ ಹೊರಡಿ. ಪರದೆಯ ಮೂಲೆಯಲ್ಲಿ ವೇಗ ಬರುತ್ತದೆ. ಬರದಿದ್ದರೆ ಆ್ಯಪ್‌ನ ನ್ಯಾವಿಗೇಷನ್ ಸೆಟ್ಟಿಂಗ್ಸ್‌ಗೆ ಹೋಗಿ ಸ್ಪೀಡೋಮೀಟರ್ ಆನ್ ಮಾಡಿ. ಬರೀ ವೇಗ ತೋರಿಸುವ ಜಿಪಿಎಸ್ ಆ್ಯಪ್‌ಗಳೂ ಉಚಿತವಾಗಿ ಸಿಗುತ್ತವೆ.

ಫೋನ್‌ಗೆ ವೇಗ ಹೇಗೆ ತಿಳಿಯುತ್ತದೆ? ರೈಲು ಹತ್ತಿರ ಬರುವಾಗ ಹಾರ್ನ್ ದನಿ ಏರಿ, ದಾಟಿದ ಮೇಲೆ ಇಳಿಯುತ್ತದಲ್ಲ, ಉಪಗ್ರಹದ ಸಿಗ್ನಲ್‌ಗೂ ಅಂಥದ್ದೇ ಏರಿಳಿತ ಇದೆ. ಅದನ್ನು ಅಳೆದು ಫೋನ್ ವೇಗ ಲೆಕ್ಕ ಹಾಕುತ್ತದೆ. ಟೈರ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಅದಕ್ಕೇ ಇದನ್ನು ಸಾಕ್ಷಿಯಾಗಿ ಇಟ್ಟುಕೊಳ್ಳಬಹುದು. ಒಂದೇ ದೋಷ, ಇದು ತುಸು ತಡವಾಗಿ ತೋರಿಸುತ್ತದೆ. ಆಕ್ಸಿಲರೇಟರ್ ಒತ್ತುತ್ತಲೋ ಬ್ರೇಕ್ ಹಾಕುತ್ತಲೋ ಓದಿದ ಅಂಕಿ ಕೆಲಸಕ್ಕೆ ಬಾರದು.

ಹೀಗೆ ಮಾಡಿ. ಮೀಟರ್ 40ರಲ್ಲಿ ನಿಲ್ಲಿಸಿ, ಹತ್ತು ಹದಿನೈದು ಸೆಕೆಂಡ್ ಅಲ್ಲೇ ಹಿಡಿಯಿರಿ. ವೇಗವನ್ನು ತಾನೇ ಹಿಡಿದಿಡುವ ಕ್ರೂಸ್ ಕಂಟ್ರೋಲ್ ಇದ್ದರೆ ಒಳ್ಳೆಯದಾಯಿತು. ಫೋನ್ ಅಂಕಿ ಅಲುಗಾಡದೆ ನಿಂತ ಮೇಲೆ ಡ್ರೈವರ್ 'ಈಗ' ಅನ್ನಬೇಕು, ಪಕ್ಕದವರು ಬರೆದುಕೊಳ್ಳಬೇಕು. ಆಮೇಲೆ 60, 80. ಆ ರಸ್ತೆಯ ಮಿತಿ ಒಪ್ಪಿದರೆ ಮಾತ್ರ 100. ಪರೀಕ್ಷೆಗೆ ಅಂತ 120 ಓಡಿಸುವ ಅಗತ್ಯ ಖಂಡಿತ ಇಲ್ಲ. 2019ರ ಜುಲೈ ನಂತರ ತಯಾರಾದ ಕಾರುಗಳು 80 ದಾಟಿದರೆ ಬೀಪ್ ಅನ್ನುತ್ತವೆ, ಗಾಬರಿ ಬೇಡ. ವಾಪಸು ಬರುವಾಗ ಇದನ್ನೇ ಇನ್ನೊಮ್ಮೆ ಮಾಡಿ.

ಕಲ್ಲು ಮತ್ತು ಸ್ಟಾಪ್‌ವಾಚ್

ಫೋನ್ ಮೇಲೆ ನಂಬಿಕೆ ಇಲ್ಲದವರಿಗೆ ಹಳೆಯ ದಾರಿ ಇದೆ. ನನಗೆ ಇದೇ ಹೆಚ್ಚು ಇಷ್ಟ, ಮಕ್ಕಳಿದ್ದರೆ ಅವರಿಗೆ ಗಣಿತ ಪಾಠವೂ ಆಗುತ್ತದೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಹಳದಿ ತಲೆಯ, ರಾಜ್ಯ ಹೆದ್ದಾರಿಯಲ್ಲಿ ಹಸಿರು ತಲೆಯ ಕಿಲೋಮೀಟರ್ ಕಲ್ಲುಗಳು ಇರುತ್ತವೆ. ಒಂದು ಕಲ್ಲು ದಾಟುವಾಗ ಸ್ಟಾಪ್‌ವಾಚ್ ಒತ್ತಿ, ಮುಂದಿನದು ದಾಟುವಾಗ ನಿಲ್ಲಿಸಿ. 3600ನ್ನು ಸೆಕೆಂಡ್‌ಗಳಿಂದ ಭಾಗಿಸಿದರೆ ವೇಗ ಸಿಗುತ್ತದೆ. 60 ಸೆಕೆಂಡ್ ಆದರೆ ನಿಜಕ್ಕೂ 60. ಮೀಟರ್ 60ರಲ್ಲೇ ಇದ್ದು 63 ಸೆಕೆಂಡ್ ಹಿಡಿದರೆ ನೀವು 57ರಲ್ಲಿದ್ದೀರಿ.

ಆದರೆ ಒಂದೇ ಕಿಲೋಮೀಟರ್ ಅಳೆದು ತೀರ್ಪು ಕೊಡಬೇಡಿ. 100ರ ವೇಗದಲ್ಲಿ ಒಂದು ಕಿ.ಮೀ.ಗೆ ಬರೀ 36 ಸೆಕೆಂಡ್. ಬೆರಳು ಒಂದು ಸೆಕೆಂಡ್ ತಡ ಮಾಡಿದರೆ ಉತ್ತರ 97 ಆಗುತ್ತದೆ. ರಸ್ತೆ ಅಗಲ ಮಾಡುವಾಗ ಕಲ್ಲುಗಳು ಜಾಗ ಬದಲಿಸಿರುವುದೂ ಉಂಟು. ಐದು ಕಿ.ಮೀ. ಒಟ್ಟಿಗೆ ಅಳೆದರೆ ಈ ತಪ್ಪುಗಳು ಕರಗುತ್ತವೆ. ಆಗ 18000ನ್ನು ಸೆಕೆಂಡ್‌ಗಳಿಂದ ಭಾಗಿಸಿ. ಮೀಟರ್ 80ರಲ್ಲಿ ಹಿಡಿದು ಐದು ಕಿ.ಮೀ.ಗೆ 237 ಸೆಕೆಂಡ್ ಆದರೆ ನಿಜವಾದ ವೇಗ 76.

ಇದೇ ಓಟದಲ್ಲಿ ಟ್ರಿಪ್ ಮೀಟರ್ ಸೊನ್ನೆ ಮಾಡಿಕೊಂಡರೆ ಓಡಿದ ದೂರ ಎಣಿಸುವ ಓಡೋಮೀಟರ್ ಪರೀಕ್ಷೆಯೂ ಆಗಿಬಿಡುತ್ತದೆ. ವೇಗವನ್ನು ಜಾಸ್ತಿ ತೋರಿಸುವ ಕಾರು ದೂರವನ್ನು ಹೆಚ್ಚು ಕಡಿಮೆ ಸರಿಯಾಗಿಯೇ ಎಣಿಸುತ್ತಿರಬಹುದು. ಎರಡೂ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ಅನುಮಾನ ಟೈರ್ ಕಡೆಗೆ ಹೋಗಬೇಕು.

ಅಂಕಿಗಳು ಏನು ಹೇಳುತ್ತವೆ

ಮೀಟರ್ 40, 60, 80, 100 ಅಂದಾಗ ಫೋನ್ 37, 57, 77, 97 ಅಂದರೆ ಎಲ್ಲ ಕಡೆ 3ರದ್ದೇ ಅಂತರ. ಇದು ಕಂಪನಿಯೇ ಕೂಡಿಸಿಟ್ಟ ಅಂಕಿಯ ಲಕ್ಷಣ. ಫೋನ್ 38, 57, 76, 95 ಅಂದರೆ ವೇಗ ಏರಿದಂತೆ ಅಂತರವೂ ಬೆಳೆಯುತ್ತಿದೆ, ಎಲ್ಲ ಕಡೆ ಶೇ 5ರಷ್ಟು. ಟೈರ್‌ನಿಂದ ಆಗುವ ವ್ಯತ್ಯಾಸ ಹೀಗೇ ಇರುತ್ತದೆ. ಕಂಪನಿಯೂ ಶೇಕಡಾ ಲೆಕ್ಕದಲ್ಲಿ ಕೂಡಿಸಿರಬಹುದು, ಆದ್ದರಿಂದ ಟೈರ್ ಅಳತೆ ಸ್ಟಿಕರ್‌ಗೆ ಸರಿಹೊಂದಿದರೆ ತಲೆಕೆಡಿಸಿಕೊಳ್ಳಬೇಡಿ. ಹೆಚ್ಚಿನ ಕಾರುಗಳಲ್ಲಿ ಎರಡೂ ಸ್ವಲ್ಪ ಸ್ವಲ್ಪ ಬೆರೆತಿರುತ್ತವೆ.

ಇನ್ನೂ ಕುತೂಹಲ ಇದ್ದವರು ಸ್ಟೀರಿಂಗ್ ಕೆಳಗಿನ ಒಬಿಡಿ ಪೋರ್ಟ್‌ಗೆ (ಮೆಕ್ಯಾನಿಕ್‌ಗಳು ಕಾರಿನ ಕಂಪ್ಯೂಟರ್ ಓದಲು ಸ್ಕ್ಯಾನರ್ ಸಿಕ್ಕಿಸುವ ಜಾಗ) ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ ನೋಡಬಹುದು. ಎಷ್ಟೋ ಕಾರುಗಳಲ್ಲಿ ಕಂಪ್ಯೂಟರ್ ಹೇಳುವ ವೇಗ ಮೀಟರ್‌ಗಿಂತ ಕಡಿಮೆ ಇರುತ್ತದೆ, ಫೋನ್‌ಗೆ ಹತ್ತಿರ ಇರುತ್ತದೆ. ಅಂದರೆ ಕಾರಿಗೆ ಸರಿಯಾದ ಅಂಕಿ ಗೊತ್ತು, ನಮಗೆ ತೋರಿಸುವಾಗ ಮಾತ್ರ ಸ್ವಲ್ಪ ಏರಿಸುತ್ತದೆ. ಆದರೆ ಇದೂ ಚಕ್ರದ ಸುತ್ತನ್ನೇ ನಂಬಿದ ಅಂಕಿ, ಟೈರ್ ಬದಲಾಗಿದ್ದರೆ ಇದೂ ತಪ್ಪುತ್ತದೆ.

ಮುಂದೇನು

80ರಲ್ಲಿ ಮೂರು ನಾಲ್ಕು ಕಿ.ಮೀ. ಜಾಸ್ತಿ ತೋರಿಸಿದರೆ ಏನೂ ಮಾಡಬೇಡಿ. ಮೀಟರ್ ಹೇಗೂ ಜಾಸ್ತಿ ತೋರಿಸುತ್ತದೆ ಅಂತ ಮಿತಿಯ ಅಂಚಿಗೇ ಓಡಿಸುವವರಿದ್ದಾರೆ. ಹೊಸ ಟೈರ್ ಹಾಕಿಸಿದ ದಿನ ಆ ಲೆಕ್ಕದಲ್ಲಿ ಶೇ 2 ಕಡಿಮೆಯಾಗಿರುತ್ತದೆ, ಕ್ಯಾಮೆರಾಗೆ ಸಿಕ್ಕಿಬೀಳುವುದು ಆಗಲೇ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಮಿತಿ 100. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ದಾಟಿದರೆ ದಂಡದ ಜೊತೆ ಎಫ್‌ಐಆರ್ ಕೂಡ ಆಗುತ್ತದೆ.

ಮೀಟರ್ ಕಡಿಮೆ ತೋರಿಸುತ್ತಿದ್ದರೆ ಮಾತ್ರ ತಡ ಮಾಡಬೇಡಿ. ಟೈರ್ ದೊಡ್ಡದಾಗಿದ್ದರೆ ಕಂಪನಿ ಹೇಳಿದ ಅಳತೆಗೆ ಮರಳಿ. ಟೈರ್ ಸರಿಯಿದ್ದೂ ಹೀಗಾದರೆ, ಮುಳ್ಳು ಕುಣಿಯುತ್ತಿದ್ದರೆ, ಅಥವಾ ಎಬಿಎಸ್ ದೀಪ ಹತ್ತಿದ್ದರೆ ಸೆನ್ಸರ್ ಇಲ್ಲವೇ ಮೀಟರ್ ಬೋರ್ಡ್‌ನ ತೊಂದರೆ ಇರಬಹುದು. ನೀವು ಬರೆದುಕೊಂಡ ಅಂಕಿಗಳ ಚೀಟಿಯನ್ನೂ ಅಧಿಕೃತ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. 'ಮೀಟರ್ ಸರಿ ಇಲ್ಲ' ಅಂದರೆ ಅಲ್ಲಿ ತಲೆಯಾಡಿಸಿ ಕಳಿಸಿಬಿಡಬಹುದು. '80 ತೋರಿಸುವಾಗ 84 ಓಡುತ್ತಿದೆ, ಹೋಗುವಾಗಲೂ ಬರುವಾಗಲೂ' ಅಂತ ತೋರಿಸಿದರೆ ಸ್ಕ್ಯಾನರ್ ತಂದು ಸಿಕ್ಕಿಸುತ್ತಾರೆ.