ದಾರಿ ಖರ್ಚಿನ ಐಸು

ಮಲ್ಪೆಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಮೀನು ಕಳಿಸಲು ಶುರು ಮಾಡಿದಾಗ ನನಗೆ ಗೊತ್ತಿದ್ದದ್ದು ಇಷ್ಟೇ: ಥರ್ಮಾಕೋಲ್ ಬಾಕ್ಸಿಗೆ ಮೀನು ಹಾಕು, ಮೇಲೆ ಐಸ್ ಸುರಿ, ಟೇಪ್ ಸುತ್ತು. ಮೊದಲ ಪಾರ್ಸೆಲ್ ಶಿರಾಡಿ ಘಾಟಿ ಹತ್ತುವಾಗಲೇ ಸೋರಿತಂತೆ. ಡಿಕ್ಕಿಯಲ್ಲಿದ್ದ ಯಾರದೋ ಸೂಟ್‌ಕೇಸಿಗೆಲ್ಲ ಮೀನಿನ ನೀರು. ಕಂಡಕ್ಟರ್ ಫೋನಿನಲ್ಲಿ ಬೈದದ್ದನ್ನು ಇಲ್ಲಿ ಬರೆಯಲಾರೆ. ಬೆಳಿಗ್ಗೆ ಗಿರಾಕಿ ಫೋಟೊ ಕಳಿಸಿದರು. ಮೇಲಿದ್ದ ಬಂಗುಡೆಯ ಕಣ್ಣು ಫಳಫಳ, ತಳದಲ್ಲಿದ್ದವುಗಳ ಹೊಟ್ಟೆ ಒಡೆದಿತ್ತು.

ಐಸ್ ಕಡಿಮೆ ಆಯ್ತು ಅಂದುಕೊಂಡೆ. ಐಸ್ ಪ್ಲಾಂಟಿನ ಹಿರಿಯರೊಬ್ಬರು ಕೇಳಿದ್ದು ಒಂದೇ ಮಾತು: "ಮೀನು ತಣ್ಣಗಾದ ಮೇಲೆ ತುಂಬಿದ್ರಾ, ಮಾರಾಯ್ರೆ?" ಇಲ್ಲ. ಒಂದು ಕೆ.ಜಿ. ಮೀನನ್ನು 28 ಡಿಗ್ರಿಯಿಂದ ಸೊನ್ನೆಗೆ ಇಳಿಸಲಿಕ್ಕೇ ಸುಮಾರು 300 ಗ್ರಾಂ ಐಸ್ ಕರಗಬೇಕು. ದಾರಿ ಖರ್ಚಿಗೆ ಅಂತ ಇಟ್ಟದ್ದು ಬಸ್ ಹೊರಡುವ ಮೊದಲೇ ಅರ್ಧ ಖರ್ಚು.

ಈಗ ಪುಡಿ ಐಸಿಗೆ ನೀರು ಬೆರೆಸಿ, ಡ್ರಮ್ಮಿನಲ್ಲಿ ಮೀನನ್ನು ಒಂದು ಗಂಟೆ ಮುಳುಗಿಸುತ್ತೇನೆ. ಬರೀ ಐಸಿಗಿಂತ ಐಸ್ ನೀರು ಬೇಗ ತಣಿಸುತ್ತದೆ, ಮೈಗೆಲ್ಲ ತಾಗುತ್ತದಲ್ವಾ. ಬೆರಳು ಹಾಕಿ ನೋಡಿ, ಅರ್ಧ ನಿಮಿಷಕ್ಕೇ ಮರಗಟ್ಟುತ್ತದೆ.

ಬಾಕ್ಸಿನ ಯೋಗ್ಯತೆ ನೋಡಿದ್ದು ಜೂನಿನಲ್ಲಿ. ಮಳೆಗಾಲದ ಮೀನುಗಾರಿಕೆ ನಿಷೇಧ ಅಂತ ಯಾಂತ್ರಿಕ ಬೋಟುಗಳಿಗೆ 61 ದಿನ ರಜೆ, ನಾನೂ ಸುಮ್ನೆ ಕೂತಿದ್ದೆ. ಒಂದಿಂಚು ದಪ್ಪದ ಬಾಕ್ಸಿಗೆ ಎಂಟು ಕೆ.ಜಿ. ಐಸ್ ತುಂಬಿ, ಹನ್ನೆರಡು ಗಂಟೆ ಜಗಲಿಯಲ್ಲಿಟ್ಟು, ಕರಗಿದ ನೀರು ಬಸಿದು ತೂಗಿದೆ. ಎರಡೂವರೆ ಕೆ.ಜಿ.ಗೂ ಜಾಸ್ತಿ! ಮಳೆಯ ತಂಪಿನಲ್ಲೇ ಇಷ್ಟು ಅಂದರೆ ಏಪ್ರಿಲ್ ಸೆಕೆಗೆ, ಬಸ್ ಡಿಕ್ಕಿಯ ಬಿಸಿಗೆ? ಹಾಗಾಗಿ ಐದು ಕೆ.ಜಿ. ಮೀನಿಗೆ ನಾಲ್ಕು ಕೆ.ಜಿ. ಐಸ್ ಹಾಕುತ್ತೇನೆ. ತಳಕ್ಕೆ, ನಾಲ್ಕೂ ಬದಿಗೆ, ಆಮೇಲೆ ಮೇಲಕ್ಕೆ. ಬಿಸಿ ಬರುವುದು ಗೋಡೆಗಳಿಂದ, ಕಾವಲೂ ಅಲ್ಲೇ ಬೇಕು.

ಸೋರುವುದಕ್ಕೆ ಮದ್ದು: ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಎರಡು ಸುತ್ತು, ತಳದಲ್ಲಿ ತೂತಿನ ಬುಟ್ಟಿ ಬೋರಲು. ಕರಗಿದ ನೀರು ಬುಟ್ಟಿಯ ಕೆಳಗೆ ನಿಲ್ಲುತ್ತದೆ. ಅಂಜಲ್ ತುಂಡುಗಳನ್ನಂತೂ ಬೇರೆ ಕವರಿನಲ್ಲೇ ಇಡಿ, ನೀರಲ್ಲಿ ನೆನೆದರೆ ಬಿಳಿಚಿಕೊಂಡು ರುಚಿ ಹೋಗುತ್ತದೆ. ಜೆಲ್ ಪ್ಯಾಕ್ ಕೂಡ ನೋಡಿದೆ. ಮೀನಿನ ಸಂದಿಗೆ ಇಳಿಯುವುದಿಲ್ಲ, ನನಗೆ ಹಿಡಿಸಲಿಲ್ಲ.

ಬಂಗುಡೆ ವಿಷಯದಲ್ಲಿ ಮಾತ್ರ ನಾನು ಹಠಮಾರಿ. ಬಿಸಿಲಲ್ಲಿ ಬಿದ್ದಿದ್ದ ಬಂಗುಡೆಯಲ್ಲಿ ಹಿಸ್ಟಮಿನ್ ಅನ್ನುವ ವಿಷ ಹುಟ್ಟುತ್ತದೆ. ತಿಂದವರ ಮುಖ ಕೆಂಪಾಗಿ ಮೈ ತುರಿಸುತ್ತದೆ. ಒಮ್ಮೆ ಹುಟ್ಟಿದ ಮೇಲೆ ಎಷ್ಟು ಕುದಿಸಿದರೂ ಹೋಗುವುದಿಲ್ಲ, ಐಸಿಗೂ ಬಗ್ಗುವುದಿಲ್ಲ. ಬೋಟಿನಲ್ಲೇ ಐಸ್ ಕಾಣದ ಬಂಗುಡೆಯನ್ನು ನಾನು ಕೊಳ್ಳುವುದೇ ಇಲ್ಲ.

ಈಗ ಗಿರಾಕಿಗಳ ಹತ್ತಿರ ಕೇಳುವುದು ಉಳಿದ ಐಸಿನ ಫೋಟೊ. ಮೊನ್ನೆ ಬಂದ ಫೋಟೊದಲ್ಲಿ ಒಂದು ಮುಷ್ಟಿಯಷ್ಟೇ ಇತ್ತು. ನಾಳೆಯಿಂದ ಅರ್ಧ ಕೆ.ಜಿ. ಜಾಸ್ತಿ ಹಾಕಬೇಕು.